ಅಂಚೆ–ತಂತಿ ಇಲಾಖೆ ಒಡೆದು 40 ವರ್ಷ: ಪಾಲುಪಟ್ಟಿ ಇನ್ನೂ ಮುಗಿದಿಲ್ಲ

2025ರ ಸೆಪ್ಟೆಂಬರ್ 1ರಂದು ರಿಜಿಸ್ಟರ್ಡ್ ಪೋಸ್ಟ್ ಎಂಬ ಪ್ರತ್ಯೇಕ ಸೇವೆ ಕೊನೆಗೊಂಡು ಸ್ಪೀಡ್ ಪೋಸ್ಟ್‌ನೊಳಗೆ ಸೇರಿತು. ಅದೇ ತಿಂಗಳ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲಕ್ಕೆ ಚಾಲನೆ ಕೊಟ್ಟರು. ಇದರ ನಡುವೆ ಬಿಎಸ್‌ಎನ್‌ಎಲ್ ನಿವೃತ್ತರ ಪಿಂಚಣಿ ಪರಿಷ್ಕರಣೆಯ ವ್ಯಾಜ್ಯದ ಸುದ್ದಿಯೂ ಬರುತ್ತಲೇ ಇದೆ. ಓದುಗರಿಗೆ ಸಹಜವಾಗಿ ಏಳುವ ಪ್ರಶ್ನೆಗಳು ಕೆಲವು. ನಷ್ಟದ ಬಿಎಸ್‌ಎನ್‌ಎಲ್ ಕಂಪನಿಗೆ ಸರ್ಕಾರದಿಂದ ಮೂರು ಲಕ್ಷ ಕೋಟಿ ರೂಪಾಯಿಯ ಪ್ಯಾಕೇಜ್ ಯಾಕೆ? ಕಂಪನಿಯ ನೌಕರರಿಗೆ ಸರ್ಕಾರ ಯಾಕೆ ಪಿಂಚಣಿ ಕೊಡುತ್ತದೆ? ಕೊಡುವುದಾದರೆ ಹೆಚ್ಚಿಸಲು ಯಾಕೆ ಒಲ್ಲೆ ಎನ್ನುತ್ತದೆ?

ಬಿಡಿಬಿಡಿಯಾಗಿ ನೋಡಿದರೆ ಇವಕ್ಕೆ ಉತ್ತರ ಸಿಗುವುದಿಲ್ಲ. ಇವೆಲ್ಲ ಒಂದೇ ಹಳೆಯ ಇಲಾಖೆಯಿಂದ ಬಂದವು. ಅಂಚೆ ಮತ್ತು ತಂತಿ ಇಲಾಖೆ, ಅಂದರೆ ಪಿ ಅಂಡ್ ಟಿ, 1985ರಲ್ಲಿ ಇಬ್ಭಾಗವಾಯಿತು. ಅದರ ಒಂದು ಭಾಗ ಮತ್ತೆ ಮತ್ತೆ ಒಡೆಯಿತು. ಪ್ರತಿ ಸಲವೂ ಕೆಲಸವನ್ನು ಬೇರೆ ಮಾಡಿದರು. ಜನ, ಜಾಗ, ಕಾನೂನು ಮತ್ತು ಹೊಣೆ ಯಾರ ಪಾಲಿಗೆ ಎಂಬುದನ್ನು ಅರ್ಧಕ್ಕೇ ಬಿಟ್ಟರು. ಇಂದಿನ ಗೊಂದಲಗಳಿಗೆ ಮೂಲ ಅಲ್ಲಿದೆ.

ಒಂದೇ ಸೂರಿನಡಿ ಎಲ್ಲವೂ

ಅಂಚೆ ಮತ್ತು ತಂತಿ ಹುಟ್ಟಿನಿಂದ ಒಂದಾಗಿರಲಿಲ್ಲ. 1854ರಲ್ಲಿ, ಡಾಲ್‌ಹೌಸಿಯ ಕಾಲದಲ್ಲಿ, ಎರಡಕ್ಕೂ ಬೇರೆ ಬೇರೆ ಕಾನೂನು ಬಂತು. ತಂತಿ ಜಾಲವನ್ನು ಎಳೆದದ್ದು ಓಶಾಗ್ನೆಸ್ಸಿ ಎಂಬ ವೈದ್ಯ. ಅಂಚೆ ಆಗ ದೇಶಕ್ಕೆಲ್ಲ ಒಂದೇ ವ್ಯವಸ್ಥೆಯಾಗಿರಲಿಲ್ಲ. ಸಂಸ್ಥಾನಗಳಿಗೆ ತಮ್ಮದೇ ಟಪಾಲು ಇತ್ತು. ಮೈಸೂರು ಅಂಚೆ ಬ್ರಿಟಿಷ್ ಅಂಚೆಯಲ್ಲಿ ವಿಲೀನವಾದದ್ದು 1889ರಲ್ಲಿ. ಎರಡೂ ಇಲಾಖೆಗಳು ಒಬ್ಬ ಮಹಾನಿರ್ದೇಶಕನ ಕೈಕೆಳಗೆ ಬಂದದ್ದು 1914ರಲ್ಲಿ.

ಟೆಲಿಫೋನ್ ಕಥೆ ಇನ್ನೂ ಕುತೂಹಲದ್ದು. 1882ರಲ್ಲಿ ಕಲ್ಕತ್ತ, ಬಾಂಬೆ, ಮದ್ರಾಸ್‌ಗಳಲ್ಲಿ ಎಕ್ಸ್‌ಚೇಂಜ್ ಶುರು ಮಾಡಿದ್ದು ಸರ್ಕಾರವಲ್ಲ, ಪರವಾನಗಿ ಪಡೆದ ಖಾಸಗಿ ಕಂಪನಿ. ಆ ನಗರಗಳ ಫೋನ್ ಕಂಪನಿಗಳನ್ನು ಸರ್ಕಾರ ವಶಕ್ಕೆ ಪಡೆದದ್ದು 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ. 1990ರ ದಶಕದಲ್ಲಿ ಖಾಸಗಿಯವರು ಬಂದದ್ದನ್ನು ಹೊಸ ಯುಗವೆಂದು ಬಣ್ಣಿಸುವವರು ಇದನ್ನು ಮರೆಯುತ್ತಾರೆ.

ಖಾಸಗಿಗೆ ಪರವಾನಗಿ ಕೊಡುವ ಅಧಿಕಾರಕ್ಕೆ ಆಮೇಲೆ ಆಧಾರವಾದದ್ದು 1885ರ ಭಾರತೀಯ ತಂತಿ ಕಾಯ್ದೆ. ಅದರ 4ನೇ ಕಲಂ ಹೇಳುವುದು ಇಷ್ಟು: ತಂತಿ ಸಂಪರ್ಕ ಸ್ಥಾಪಿಸುವ, ನಡೆಸುವ ಹಕ್ಕು ಕೇಂದ್ರ ಸರ್ಕಾರದ್ದು ಮಾತ್ರ, ಅದು ಬಯಸಿದರೆ ಬೇರೆಯವರಿಗೆ ಷರತ್ತಿನ ಮೇಲೆ ಪರವಾನಗಿ ಕೊಡಬಹುದು. ಮೊಬೈಲ್, ಇಂಟರ್ನೆಟ್ ಎಲ್ಲವೂ ನೂರು ವರ್ಷಕ್ಕೂ ಹಳೆಯದಾದ ಈ ಒಂದು ಕಲಮಿನ ಮೇಲೆಯೇ ನಿಂತು ಬೆಳೆದವು.

ಸ್ವಾತಂತ್ರ್ಯದ ನಂತರ ಪಿ ಅಂಡ್ ಟಿ ಮಾಡುತ್ತಿದ್ದ ಕೆಲಸಗಳನ್ನು ಒಟ್ಟಿಗೆ ಇಟ್ಟು ನೋಡಿ. ಕಾಗದ ಹಂಚುವುದು, ಮನಿಯಾರ್ಡರ್, ಉಳಿತಾಯ ಖಾತೆ, ನೌಕರರಿಗೆ ಅಂಚೆ ಜೀವವಿಮೆ, ಟೆಲಿಗ್ರಾಂ, ಸ್ಥಳೀಯ ಫೋನ್, ಟ್ರಂಕ್ ಕಾಲ್, ಟೆಲೆಕ್ಸ್. ದರ ನಿಗದಿ ಅದರದೇ, ಪರವಾನಗಿ ಅದರದೇ, ದೂರು ಕೇಳುವುದೂ ಅದೇ. ಉಪಕರಣ ತಯಾರಿಸಲು 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆ ಶುರುವಾಯಿತು. ದೂರವಾಣಿನಗರ ಎಂಬ ಹೆಸರು ಬಂದದ್ದು ಅಲ್ಲಿಂದ. ಅದರ ಬಹುಪಾಲು ಮಾಲು ಕೊಳ್ಳುತ್ತಿದ್ದುದೂ ಇದೇ ಇಲಾಖೆ.

ಫೋನು ಯಾಕೆ ಸಿಗುತ್ತಿರಲಿಲ್ಲ

ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವನ್ನು ಬರೀ ಸರ್ಕಾರಿ ಸೋಮಾರಿತನದಿಂದ ವಿವರಿಸುವುದು ಸುಲಭ. ನಿಜವಾದ ಕಾರಣ ಹಣ ಮತ್ತು ಯಂತ್ರ ಎರಡರಲ್ಲೂ ಇತ್ತು.

ಮೊದಲು ಹಣ. ಇಲಾಖೆಯ ಆದಾಯ, ಖರ್ಚು ಎರಡೂ ಕೇಂದ್ರ ಬಜೆಟ್‌ನ ಭಾಗ. ಹೊಸ ಎಕ್ಸ್‌ಚೇಂಜ್‌ಗೆ ಬಂಡವಾಳ ಬೇಕೆಂದರೆ ಪಂಚವಾರ್ಷಿಕ ಯೋಜನೆಯಲ್ಲಿ ಪಾಲು ಸಿಗಬೇಕು. ನೀರಾವರಿ, ಉಕ್ಕು, ವಿದ್ಯುತ್ತಿನ ಮುಂದೆ ಫೋನು ಶ್ರೀಮಂತರ ವಸ್ತು ಎನಿಸಿ ಹಿಂದೆ ಬೀಳುತ್ತಿತ್ತು. ಹಣದ ಕೊರತೆ ನೀಗಿಸಲು ಇಲಾಖೆ ಓವೈಟಿ ಎಂಬ ಯೋಜನೆ ತಂದಿತು: ಮುಂಗಡವಾಗಿ ದೊಡ್ಡ ಮೊತ್ತ ಕಟ್ಟಿದವರಿಗೆ ಸರತಿಯಲ್ಲಿ ಆದ್ಯತೆ. ಉಳಿದವರು ಕಾಯಬೇಕು.

ಇನ್ನು ಯಂತ್ರ. ಐಟಿಐ ಆರಂಭದಲ್ಲಿ ತಯಾರಿಸಿದ್ದು ಬ್ರಿಟಿಷ್ ತಂತ್ರಜ್ಞಾನದ ಸ್ಟ್ರೋಜರ್ ಎಕ್ಸ್‌ಚೇಂಜ್. ಡಯಲ್ ತಿರುಗಿಸಿದ ಪ್ರತಿ ಅಂಕಿಗೂ ಒಂದು ಯಾಂತ್ರಿಕ ಸ್ವಿಚ್ ಹೆಜ್ಜೆ ಹೆಜ್ಜೆಯಾಗಿ ಮೇಲೇರುತ್ತಿತ್ತು. ಧೂಳು ಕೂತರೆ, ಸಂಪರ್ಕ ಬಿಂದು ಸವೆದರೆ ರಾಂಗ್ ನಂಬರ್. ಆಮೇಲೆ 1960ರ ದಶಕದಲ್ಲಿ ಬೆಲ್ಜಿಯಂ ಕಂಪನಿಯ ಜತೆ ಒಪ್ಪಂದವಾಗಿ ಪೆಂಟಾಕೋಂಟಾ ಎಂಬ ಕ್ರಾಸ್‌ಬಾರ್ ಮಾದರಿ ಬಂತು. ಸಮಸ್ಯೆ ಏನೆಂದರೆ, ಆ ಯಂತ್ರದ ಲೆಕ್ಕಾಚಾರ ಮನೆಮನೆಗೂ ಫೋನ್ ಇರುವ ಯುರೋಪಿನದು. ಅಲ್ಲಿ ಒಂದು ಲೈನಿನಲ್ಲಿ ದಿನಕ್ಕೆ ಕೆಲವೇ ಕರೆ. ನಮ್ಮಲ್ಲಿ ಒಂದು ಫೋನನ್ನು ಇಡೀ ಬೀದಿ, ಇಡೀ ಮಂಡಿ ಬಳಸುತ್ತಿತ್ತು. ಕರೆಯ ಹೊರೆ ವಿನ್ಯಾಸದ ಮಿತಿಯನ್ನು ದಾಟಿದಾಗ ಎಲ್ಲ ಕರೆಗಳನ್ನೂ ನಿಭಾಯಿಸುವ ಯಂತ್ರದ ನಿಯಂತ್ರಣ ಭಾಗ ಕಟ್ಟಿಕೊಂಡು ಹೊಸ ಕರೆ ಸಾಗುತ್ತಿರಲಿಲ್ಲ. ಸಂಪರ್ಕ ಸಿಗದವರು ಮತ್ತೆ ಮತ್ತೆ ಡಯಲ್ ಮಾಡುತ್ತಿದ್ದರು, ಹೊರೆ ಇನ್ನೂ ಏರುತ್ತಿತ್ತು. ಭಾರತಕ್ಕೆ ಹೊಂದುವಂತೆ ಅದನ್ನು ಮಾರ್ಪಡಿಸುವ ಹೊತ್ತಿಗೆ ಜಗತ್ತು ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್‌ನತ್ತ ಹೊರಟಿತ್ತು.

1991ರ ಹೊತ್ತಿಗೂ ದೇಶದಲ್ಲಿದ್ದದ್ದು ಸುಮಾರು 50 ಲಕ್ಷ ಲೈನು, ಕಾಯುವವರ ಪಟ್ಟಿಯಲ್ಲಿ ಸುಮಾರು 20 ಲಕ್ಷ ಜನ.

1985: ಮೊದಲ ಪಾಲು

ಎಚ್.ಸಿ. ಸರೀನ್ ನೇತೃತ್ವದ ಸಮಿತಿ 1981ರಲ್ಲಿ ಅಂಚೆ ಮತ್ತು ದೂರಸಂಪರ್ಕವನ್ನು ಬೇರ್ಪಡಿಸಲು ಸಲಹೆ ಮಾಡಿತು. ವಾದ ಸರಳ: ಒಂದು ಕೈಕೆಲಸದ, ನಷ್ಟದ ಸೇವೆ; ಇನ್ನೊಂದು ಯಂತ್ರ ಮತ್ತು ಬಂಡವಾಳ ಬೇಡುವ, ಲಾಭ ತರುವ ಸೇವೆ. ಒಂದೇ ಆಡಳಿತದಲ್ಲಿ ಎರಡೂ ಸೊರಗುತ್ತವೆ. 1985ರ ಆರಂಭದಲ್ಲಿ ಅಂಚೆ ಇಲಾಖೆ, ದೂರಸಂಪರ್ಕ ಇಲಾಖೆ ಎಂದು ಎರಡಾದವು. ಮುಂದಿನ ವರ್ಷ ದೆಹಲಿ ಮತ್ತು ಮುಂಬೈನ ಫೋನ್ ಸೇವೆ ಎಂಟಿಎನ್‌ಎಲ್ ಕಂಪನಿಗೆ, ವಿದೇಶ ಸಂಪರ್ಕ ವಿಎಸ್‌ಎನ್‌ಎಲ್‌ಗೆ ಹೋಯಿತು. ಹೆಚ್ಚು ಆದಾಯದ ಎರಡು ತುಂಡುಗಳು ಮೊದಲೇ ಹೊರಬಿದ್ದವು ಎಂಬುದನ್ನು ಗಮನಿಸಬೇಕು.

ಟೆಲಿಗ್ರಾಂ ದೂರಸಂಪರ್ಕದ ಪಾಲಿಗೆ ಬಂತು. ಹಳ್ಳಿಯ ಜನ ತಂತಿ ಕೊಡುತ್ತಿದ್ದುದು ಅಂಚೆ ಕಚೇರಿಯಲ್ಲಿ, ಆದರೆ ಲೆಕ್ಕ ಇನ್ನೊಂದು ಇಲಾಖೆಯದು. 2013ರ ಜುಲೈನಲ್ಲಿ ಅದನ್ನು ನಿಲ್ಲಿಸಿದ್ದು ಬಿಎಸ್‌ಎನ್‌ಎಲ್. ಅಂಚೆಯವರು ಟೆಲಿಗ್ರಾಂ ನಿಲ್ಲಿಸಿದರು ಎಂದು ಇಂದಿಗೂ ಬರೆಯುವವರಿದ್ದಾರೆ.

ಬೇರ್ಪಟ್ಟ ದೂರಸಂಪರ್ಕ ಚುರುಕಾದದ್ದು ನಿಜ. 1984ರಲ್ಲಿ ಸ್ಥಾಪನೆಯಾದ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗಾಗಿ 128 ಪೋರ್ಟ್‌ಗಳ ಪುಟ್ಟ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ರೂಪಿಸಿತು. ಹವಾನಿಯಂತ್ರಣ ಬೇಡ, ಧೂಳು ಮತ್ತು ಬಿಸಿಲು ತಡೆಯುತ್ತದೆ, ಕೆಟ್ಟರೆ ಆ ಕಾರ್ಡ್ ತೆಗೆದು ಬೇರೆ ಹಾಕಿದರಾಯಿತು. 1986ರಲ್ಲಿ ಅದು ಮೊದಲು ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಎಸ್‌ಟಿಡಿ ಬೂತ್‌ಗಳು ಸಣ್ಣ ಊರುಗಳಿಗೂ ಹಬ್ಬಲು ದಾರಿಯಾದದ್ದು ಇಂಥ ಎಕ್ಸ್‌ಚೇಂಜ್‌ಗಳಿಂದ.

ಅಂಚೆಗೆ ಉಳಿದದ್ದು

ಅಂಚೆಯ ಪಾಲಿಗೆ ಉಳಿದದ್ದು ಜಾಲ, ಜನ ಮತ್ತು ಜನರ ನಂಬಿಕೆ. ಈಗ ಸುಮಾರು 1.65 ಲಕ್ಷ ಅಂಚೆ ಕಚೇರಿಗಳಿವೆ, ಬಹುಪಾಲು ಹಳ್ಳಿಗಳಲ್ಲಿ. ಫೋನಿನ ಆದಾಯದ ಆಸರೆ ತಪ್ಪಿದ ಮೇಲೆ ಇಷ್ಟನ್ನೂ ಕಾಗದ ಮತ್ತು ಉಳಿತಾಯ ಖಾತೆಯ ಕಮಿಷನ್ನಿನಿಂದಲೇ ನಡೆಸಬೇಕಾಯಿತು. ಕಾಗದ ಇಳಿಮುಖವಾಯಿತು. 2023ರ ಅಂಚೆ ಕಾಯ್ದೆ 1898ರ ಕಾಯ್ದೆಯನ್ನು ರದ್ದು ಮಾಡಿ, ಕಾಗದ ಸಾಗಿಸುವ ಸರ್ಕಾರದ ಏಕಸ್ವಾಮ್ಯವನ್ನೂ ಕೈಬಿಟ್ಟಿತು. ಅಂಚೆಚೀಟಿ ಹೊರಡಿಸುವ ಹಕ್ಕು ಮಾತ್ರ ಉಳಿಯಿತು.

ರಿಜಿಸ್ಟರ್ಡ್ ಮತ್ತು ಸ್ಪೀಡ್ ಪೋಸ್ಟ್ ವಿಲೀನಕ್ಕೆ ಕಾರಣ ಇದೇ ಹಣದ ಒತ್ತಡ. ಎರಡಕ್ಕೂ ಪ್ರತ್ಯೇಕ ಚೀಲ, ಪ್ರತ್ಯೇಕ ವಿಂಗಡಣೆ, ಪ್ರತ್ಯೇಕ ನೋಂದಣಿ ಇಟ್ಟುಕೊಳ್ಳುವುದು ದುಬಾರಿ. ಆದರೆ ಎರಡೂ ಒಂದೇ ಅಲ್ಲ, ಇದನ್ನು ಕೌಂಟರ್‌ನಲ್ಲಿ ನೆನಪಿಡಬೇಕು. ಸ್ಪೀಡ್ ಪೋಸ್ಟ್ ತಲುಪುವುದು ವಿಳಾಸಕ್ಕೆ. ಮನೆಯಲ್ಲಿದ್ದ ಯಾರಾದರೂ ಸಹಿ ಹಾಕಿ ಪಡೆಯಬಹುದು. ರಿಜಿಸ್ಟರ್ಡ್ ತಲುಪುತ್ತಿದ್ದುದು ಹೆಸರಿರುವ ವ್ಯಕ್ತಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ. ವಕೀಲರ ನೋಟಿಸ್, ಬ್ಯಾಂಕ್ ನೋಟಿಸ್ ಕಳಿಸುವವರು ಈಗ ಸ್ಪೀಡ್ ಪೋಸ್ಟ್ ಬುಕ್ ಮಾಡುವಾಗ ‘ನೋಂದಣಿ’ ಸೌಲಭ್ಯವನ್ನು ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ಅದು ಮಾಮೂಲಿ ಸ್ಪೀಡ್ ಪೋಸ್ಟ್ ಆಗಿ ಹೋಗುತ್ತದೆ, ಮುಂದೆ ಕೋರ್ಟಿನಲ್ಲಿ ‘ನನ್ನ ಕೈಗೆ ಬರಲೇ ಇಲ್ಲ’ ಎಂಬ ತಕರಾರಿಗೆ ಎಡೆ. ರಸೀದಿಯ ಜತೆ ಬಟವಾಡೆಯ ವಿವರವನ್ನೂ ಕೂಡಲೇ ಮುದ್ರಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ಖರ್ಚೂ ಏರಿದೆ. ಮೊದಲು 20 ಗ್ರಾಂ ಒಳಗಿನ ರಿಜಿಸ್ಟರ್ಡ್ ಕಾಗದಕ್ಕೆ 5 ರೂಪಾಯಿ ಅಂಚೆ, 17 ರೂಪಾಯಿ ನೋಂದಣಿ, ಒಟ್ಟು 22. 2025ರ ಅಕ್ಟೋಬರ್ 1ರ ದರದಂತೆ 50 ಗ್ರಾಂವರೆಗಿನ ಸ್ಪೀಡ್ ಪೋಸ್ಟ್ ಪರ ಊರಿಗೆ 47, ನೋಂದಣಿಗೆ 5, ಮೇಲೆ ಶೇ 18 ಜಿಎಸ್‌ಟಿ. 61 ರೂಪಾಯಿ ದಾಟುತ್ತದೆ. ಅದೇ ಊರಿನೊಳಗಾದರೆ 19 ಮತ್ತು 5, ತೆರಿಗೆ ಸೇರಿ ಸುಮಾರು 28. ಬೇಗ ತಲುಪುತ್ತದೆ, ದಾರಿ ತಿಳಿಯುತ್ತದೆ ಎಂಬುದು ಇಲಾಖೆಯ ಸಮರ್ಥನೆ. ನೋಟಿಸ್ ಕಳಿಸುವವನಿಗೆ ಬೇಕಾದದ್ದು ವೇಗವಲ್ಲ, ಸಾಕ್ಷಿ. ಬೇಡದ ವೇಗಕ್ಕೂ ಅವನು ದುಡ್ಡು ತೆರುತ್ತಾನೆ ಎಂಬ ಟೀಕೆಯಲ್ಲಿ ಹುರುಳಿದೆ.

ಆಟಗಾರನೂ ಅವನೇ, ಅಂಪೈರೂ ಅವನೇ

1994ರ ರಾಷ್ಟ್ರೀಯ ದೂರಸಂಪರ್ಕ ನೀತಿ ಖಾಸಗಿಯವರಿಗೆ ಬಾಗಿಲು ತೆರೆಯಿತು. ಪರವಾನಗಿ ಕೊಡುವುದು ದೂರಸಂಪರ್ಕ ಇಲಾಖೆ, ಖಾಸಗಿಯವರ ಪ್ರತಿಸ್ಪರ್ಧಿಯೂ ಅದೇ. ಕರೆಯನ್ನು ಒಂದು ಜಾಲದಿಂದ ಇನ್ನೊಂದಕ್ಕೆ ದಾಟಿಸುವ ದರದ ಜಗಳವನ್ನು ತೀರ್ಮಾನಿಸುವುದೂ ಅದೇ. 1997ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, 2000ದಲ್ಲಿ ವಿವಾದಗಳಿಗೆ ಪ್ರತ್ಯೇಕ ನ್ಯಾಯಮಂಡಳಿ ಬಂದವು. ಆದರೆ ಪರವಾನಗಿ ಮತ್ತು ತರಂಗಗುಚ್ಛ (ಸ್ಪೆಕ್ಟ್ರಂ) ಇಲಾಖೆಯ ಕೈಯಲ್ಲೇ ಉಳಿದವು.

ಖಾಸಗಿ ಕಂಪನಿಗಳು ಹರಾಜಿನಲ್ಲಿ ಆವೇಶದಿಂದ ಕೂಗಿದ ಸ್ಥಿರ ಶುಲ್ಕ ಕಟ್ಟಲಾಗದೆ ಮುಗ್ಗರಿಸಿದಾಗ, 1999ರ ನೀತಿ ಆದಾಯದಲ್ಲಿ ಪಾಲು ಎಂಬ ವ್ಯವಸ್ಥೆಗೆ ಬದಲಾಯಿತು. ಯಾವ ಆದಾಯ ಎಂಬ ಪ್ರಶ್ನೆಯೇ ಎಜಿಆರ್ (ಪಾಲು ಲೆಕ್ಕಹಾಕುವ ಹೊಂದಾಣಿಕೆಯ ಒಟ್ಟು ಆದಾಯ) ವ್ಯಾಜ್ಯವಾಗಿ 2019ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕಂಪನಿಗಳ ವಿರುದ್ಧ ಮುಗಿಯಿತು.

ಇಲಾಖೆಯಿಂದ ಸೇವೆಯನ್ನು ಕಳಚುವ ಕೆಲಸ 1999ರ ಅಕ್ಟೋಬರ್‌ನಲ್ಲಿ ಡಿಟಿಎಸ್ (ದೂರಸಂಪರ್ಕ ಸೇವಾ ಇಲಾಖೆ) ಎಂಬ ಪ್ರತ್ಯೇಕ ಇಲಾಖೆಯಿಂದ ಶುರುವಾಗಿ, 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಕಂಪನಿ ಕೆಲಸ ಆರಂಭಿಸುವುದರೊಂದಿಗೆ ಮುಗಿಯಿತು. ಕಾಗದದ ಮೇಲೆ.

ಪಿಂಚಣಿ: ಒಂದು ದಿನಾಂಕದ ಎರಡು ದಡ

ಸರ್ಕಾರಿ ನೌಕರರು ರಾತ್ರೋರಾತ್ರಿ ಕಂಪನಿಯವರಾಗುವಾಗ ಪಿಂಚಣಿಗೆ ಗ್ಯಾರಂಟಿ ಯಾರು ಎಂಬ ಪ್ರಶ್ನೆ ಎದ್ದಿತು. 2000ದ ಸೆಪ್ಟೆಂಬರ್‌ನಲ್ಲಿ ಮುಷ್ಕರ ನಡೆಯಿತು. ಫಲವಾಗಿ ಪಿಂಚಣಿ ನಿಯಮಗಳಿಗೆ 37-ಎ ಸೇರಿತು: ಕಂಪನಿಯಲ್ಲಿ ವಿಲೀನಗೊಂಡವರ ಹಿಂದಿನ ಮತ್ತು ಮುಂದಿನ ಸೇವೆ ಎರಡಕ್ಕೂ ಪಿಂಚಣಿ ಕೊಡುವುದು ಕೇಂದ್ರ ಸರ್ಕಾರ. ಬಿಎಸ್‌ಎನ್‌ಎಲ್ ಅದಕ್ಕಾಗಿ ಇಲಾಖೆಗೆ ವಂತಿಗೆ ಕಟ್ಟುತ್ತದೆ.

ಇದರಿಂದ ಒಂದೇ ಎಕ್ಸ್‌ಚೇಂಜ್‌ನಲ್ಲಿ ಒಂದೇ ಕೆಲಸ ಮಾಡಿದವರು ಮೂರು ಗುಂಪಾದರು. ಕಂಪನಿಯಾಗುವ ಮುಂಚೆ ನಿವೃತ್ತರಾದವರು ಕೇಂದ್ರ ನೌಕರರಂತೆ. ಅವರ ಪಿಂಚಣಿ ವೇತನ ಆಯೋಗದ ಜತೆ ಏರುತ್ತದೆ, 7ನೇ ಆಯೋಗದ ಲಾಭ 2016ರ ಜನವರಿಯಿಂದ ಸಿಕ್ಕಿತು. ವಿಲೀನಗೊಂಡು ಆಮೇಲೆ ನಿವೃತ್ತರಾದವರಿಗೆ ಸಾರ್ವಜನಿಕ ಉದ್ಯಮಗಳ ವೇತನ ಶ್ರೇಣಿ ಮತ್ತು ಕೈಗಾರಿಕಾ ತುಟ್ಟಿಭತ್ಯೆ. ಅವರ ಪಿಂಚಣಿ ಕೊನೆಯ ಸಲ ಪರಿಷ್ಕರಣೆಯಾದದ್ದು 2007ರ ಜನವರಿ 1ರಿಂದ ಅನ್ವಯವಾಗುವಂತೆ. ಕಂಪನಿಯೇ ನೇರವಾಗಿ ನೇಮಿಸಿಕೊಂಡವರಿಗೆ ಭವಿಷ್ಯನಿಧಿ ವ್ಯವಸ್ಥೆ, ಈ ಪಿಂಚಣಿಯೇ ಇಲ್ಲ.

ವ್ಯಾಜ್ಯ ಇರುವುದು ಎರಡನೇ ಗುಂಪಿನದು. 2017ರ ಜನವರಿಯಿಂದ ಸಾರ್ವಜನಿಕ ಉದ್ಯಮಗಳ ವೇತನ ಪರಿಷ್ಕರಣೆ ಆಗಬೇಕಿತ್ತು. ಅದಕ್ಕೆ ಲಾಭದ ಷರತ್ತು ಇದೆ. ನಷ್ಟದ ಬಿಎಸ್‌ಎನ್‌ಎಲ್‌ನಲ್ಲಿ ಸಂಬಳ ಏರಲಿಲ್ಲ. ಸಂಬಳ ಏರದೆ ಆ ಶ್ರೇಣಿಗೆ ಕಟ್ಟಿದ ಪಿಂಚಣಿ ಏರಿಸಲಾಗದು ಎನ್ನುತ್ತದೆ ಇಲಾಖೆ. ಹಾಗೆ ಮಾಡಿದರೆ ಇಂದು ನಿವೃತ್ತನಾಗುವವನಿಗಿಂತ ನಿನ್ನೆ ನಿವೃತ್ತನಾದವನಿಗೆ ಹೆಚ್ಚು ಪಿಂಚಣಿ ಬರುವ ವಿಚಿತ್ರ ಹುಟ್ಟುತ್ತದೆ ಎಂಬುದು ಅದರ ವಾದ. ನಿವೃತ್ತರ ಉತ್ತರ ಹೀಗೆ: ಪಿಂಚಣಿ ಬರುವುದು ಸರ್ಕಾರದ ಸಂಚಿತ ನಿಧಿಯಿಂದ, ಕಂಪನಿಯ ಲಾಭ ನಷ್ಟದಿಂದಲ್ಲ, ಕೊಡುವವನು ಸರ್ಕಾರವಾದರೆ ಅಳತೆಯೂ ಸರ್ಕಾರದ್ದೇ ಇರಲಿ, 7ನೇ ಆಯೋಗದ ಸೂತ್ರ ಅನ್ವಯಿಸಲಿ. 2023ರಲ್ಲಿ ಕೇಂದ್ರ ಆಡಳಿತ ನ್ಯಾಯಮಂಡಳಿಯ ದೆಹಲಿಯ ಪ್ರಧಾನ ಪೀಠ ನಿವೃತ್ತರ ಪರ ತೀರ್ಪು ಕೊಟ್ಟಿತು, ಸರ್ಕಾರ ದೆಹಲಿ ಹೈಕೋರ್ಟ್‌ಗೆ ಹೋಯಿತು.

ಇಲ್ಲಿ ಇಲಾಖೆಯ ವಾದ ತಾಂತ್ರಿಕವಾಗಿ ಸುಸಂಬದ್ಧ. ಆದರೆ ಲಾಭದ ಷರತ್ತು ಹೊರಿಸಿದ್ದು, ಕಂಪನಿ ನಷ್ಟಕ್ಕೆ ಬೀಳುವ ನಿರ್ಧಾರಗಳನ್ನು ತೆಗೆದುಕೊಂಡದ್ದು ಎರಡೂ ಒಬ್ಬನೇ ಮಾಲೀಕ, ಅಂದರೆ ಸರ್ಕಾರ. ಈಗ 8ನೇ ವೇತನ ಆಯೋಗ ರಚನೆಯಾಗಿದೆ. ಅದರ ಶಿಫಾರಸು ಜಾರಿಯಾದರೆ ಮೊದಲ ಗುಂಪಿನವರು ಇನ್ನೊಂದು ಮೆಟ್ಟಿಲು ಏರುತ್ತಾರೆ, ಎರಡನೆಯವರು 2007ರಲ್ಲೇ ನಿಂತಿರುತ್ತಾರೆ.

ನಷ್ಟ ಎಲ್ಲಿಂದ ಬಂತು

2004-05ರಲ್ಲಿ ಬಿಎಸ್‌ಎನ್‌ಎಲ್ ಸುಮಾರು 10 ಸಾವಿರ ಕೋಟಿ ಲಾಭ ಮಾಡಿತ್ತು. 2009-10ರಲ್ಲಿ ಮೊದಲ ನಷ್ಟ, 1,823 ಕೋಟಿ. ನಡುವೆ ಆದದ್ದೇನು?

ಖಾಸಗಿಯವರು 1995ರಲ್ಲಿ ಮೊಬೈಲ್ ಶುರು ಮಾಡಿದರೆ ಬಿಎಸ್‌ಎನ್‌ಎಲ್‌ಗೆ ಅದು ಸಾಧ್ಯವಾದದ್ದು 2002ರಲ್ಲಿ. ಹಳ್ಳಿಯ ಲ್ಯಾಂಡ್‌ಲೈನ್ ನಷ್ಟ ತುಂಬಲು ಖಾಸಗಿಯವರಿಂದ ಬರುತ್ತಿದ್ದ ಎಡಿಸಿ ಎಂಬ ಶುಲ್ಕ 2008ರಲ್ಲಿ ನಿಂತಿತು, ಹಳ್ಳಿಯ ಹೊಣೆ ನಿಲ್ಲಲಿಲ್ಲ. ಮೊಬೈಲ್ ಗ್ರಾಹಕರು ನುಗ್ಗಿ ಬರುತ್ತಿದ್ದ ಆ ವರ್ಷಗಳಲ್ಲೇ 4.55 ಕೋಟಿ ಲೈನುಗಳ ಉಪಕರಣ ಟೆಂಡರ್ ಅರ್ಧಕ್ಕಿಳಿಯಿತು, 9.3 ಕೋಟಿ ಲೈನುಗಳ ಇನ್ನೊಂದು ಟೆಂಡರ್ 2010ರಲ್ಲಿ ರದ್ದಾಯಿತು. ಸರ್ಕಾರಿ ಕಂಪನಿಯ ಟೆಂಡರ್‌ಗೆ ಆಕ್ಷೇಪ, ವಿಚಕ್ಷಣಾ ಆಯೋಗ, ಕೋರ್ಟು ಎಲ್ಲ ದಾಟಬೇಕು. ಖಾಸಗಿ ಕಂಪನಿ ಅಷ್ಟರಲ್ಲಿ ಟವರ್ ನಿಲ್ಲಿಸಿರುತ್ತದೆ. ಅದೇ 2010ರಲ್ಲಿ ಹರಾಜಿನಲ್ಲಿ ಕೂಗದಿದ್ದರೂ ಖಾಸಗಿಯವರು ಕೂಗಿದ ಬೆಲೆಗೇ 3ಜಿ ಮತ್ತು ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ತರಂಗಗುಚ್ಛಕ್ಕೆ ಸುಮಾರು 18,500 ಕೋಟಿ ಕಟ್ಟಬೇಕಾಯಿತು. ಕೈಯಲ್ಲಿದ್ದ ನಗದು ಕರಗಿತು.

3.22 ಲಕ್ಷ ಕೋಟಿಯಲ್ಲಿ ನಗದೆಷ್ಟು

ಬಿಎಸ್‌ಎನ್‌ಎಲ್ ಪುನಶ್ಚೇತನಕ್ಕೆ ಸರ್ಕಾರ ಮೂರು ಪ್ಯಾಕೇಜ್ ಕೊಟ್ಟಿತು: 2019ರಲ್ಲಿ ಸುಮಾರು 69 ಸಾವಿರ ಕೋಟಿ, 2022ರಲ್ಲಿ 1.64 ಲಕ್ಷ ಕೋಟಿ, 2023ರಲ್ಲಿ 89 ಸಾವಿರ ಕೋಟಿ. ಕೂಡಿದರೆ 3.22 ಲಕ್ಷ ಕೋಟಿ. ಇಷ್ಟೂ ತೆರಿಗೆ ಹಣ ಕಂಪನಿಯ ಖಾತೆಗೆ ಹೋಯಿತು ಎಂದು ತಿಳಿಯುವುದು ತಪ್ಪು. 2022ರ ಪ್ಯಾಕೇಜ್‌ನಲ್ಲಿ ನಗದು 43,964 ಕೋಟಿ, ಉಳಿದ 1.20 ಲಕ್ಷ ಕೋಟಿ ನಗದೇತರ. 2023ರದ್ದು 4ಜಿ, 5ಜಿ ತರಂಗಗುಚ್ಛಕ್ಕಾಗಿ. ಸರ್ಕಾರ ತನ್ನ ತರಂಗಗುಚ್ಛಕ್ಕೆ ತಾನೇ ಬೆಲೆ ಕಟ್ಟಿ, ಅದನ್ನು ತನ್ನ ಕಂಪನಿಗೆ ಕೊಟ್ಟು, ಪ್ರತಿಯಾಗಿ ಷೇರು ಬರೆಸಿಕೊಳ್ಳುತ್ತದೆ. ಬಲಗೈಯ ಲೆಕ್ಕ ಎಡಗೈಯ ಪುಸ್ತಕಕ್ಕೆ. ಆದರೂ ಅದು ಬಿಟ್ಟಿ ಅಲ್ಲ. ಅದೇ ತರಂಗಗುಚ್ಛವನ್ನು ಹರಾಜು ಹಾಕಿದ್ದರೆ ಬರಬಹುದಾಗಿದ್ದ ಹಣ ಬರಲಿಲ್ಲ.

2019ರ ಪ್ಯಾಕೇಜ್‌ನ ದೊಡ್ಡ ಕೆಲಸ ಸ್ವಯಂ ನಿವೃತ್ತಿ. 50 ವರ್ಷ ದಾಟಿದವರಲ್ಲಿ 78,500ಕ್ಕೂ ಹೆಚ್ಚು ಜನ 2020ರ ಜನವರಿ 31ರಂದು ಒಂದೇ ದಿನ ಹೊರಬಂದರು. ಸಂಬಳದ ಬಿಲ್ ಇಳಿಯಿತು. ಆದರೆ ಯಾವ ಬೀದಿಯ ಕೇಬಲ್ ಎಲ್ಲಿ ಜೋಡಣೆಯಾಗಿದೆ, ಮಳೆಗಾಲದಲ್ಲಿ ಯಾವ ಕಂಬದ ಮೇಲಿನ ಲೈನು ಹಂಚುವ ಡಿಪಿ ಪೆಟ್ಟಿಗೆಗೆ ನೀರು ಇಳಿಯುತ್ತದೆ ಎಂದು ಬಲ್ಲ ಲೈನ್‌ಮನ್‌ಗಳೂ ಹೋದರು. ಲ್ಯಾಂಡ್‌ಲೈನ್ ದುರಸ್ತಿ ಗುತ್ತಿಗೆದಾರರ ಪಾಲಾಯಿತು. ಅವರಿಗೆ ಹಳೆಯ ತಾಮ್ರದ ಕೇಬಲ್ ಅಗೆಯುವುದಕ್ಕಿಂತ ಹೊಸ ಫೈಬರ್ ಎಳೆಯುವುದು ಅಗ್ಗ.

2024-25ರ ಮೂರನೇ ತ್ರೈಮಾಸಿಕದಲ್ಲಿ 262 ಕೋಟಿ, ನಾಲ್ಕನೆಯದರಲ್ಲಿ 280 ಕೋಟಿ ಲಾಭ ಬಂದದ್ದು ದೊಡ್ಡ ಸುದ್ದಿಯಾಯಿತು. ಇಡೀ ವರ್ಷದ ಲೆಕ್ಕದಲ್ಲಿ 2,247 ಕೋಟಿ ನಷ್ಟವೇ ಇದೆ. ಹಿಂದಿನ ವರ್ಷದ 5,370 ಕೋಟಿಗೆ ಹೋಲಿಸಿದರೆ ಕಡಿಮೆ, ಅಷ್ಟೆ.

ಜಾಗ ಮತ್ತು ಕಾನೂನು

ಊರ ನಡುವಿನ ಎಕ್ಸ್‌ಚೇಂಜ್ ಜಾಗ ಮಾರಿ ಸುಮಾರು 38 ಸಾವಿರ ಕೋಟಿ ಎತ್ತುವ ಆಸೆ 2019ರ ಪ್ಯಾಕೇಜ್‌ನಲ್ಲಿತ್ತು. ಗುರಿಯ ಹತ್ತಿರಕ್ಕೂ ಹೋಗಲಿಲ್ಲ. ಜಾಗ ಕೈ ಬದಲಾಯಿತು, ಖಾತೆ ಬದಲಾಗಿರಲಿಲ್ಲ. ಎಷ್ಟೋ ಕಡೆ ದಾಖಲೆ ಇಂದಿಗೂ ಹಳೆಯ ಇಲಾಖೆಯ ಹೆಸರಲ್ಲಿದೆ. ಒಂದೇ ಕಾಂಪೌಂಡಿನಲ್ಲಿ ಅಂಚೆ ಕಚೇರಿಯೂ ಎಕ್ಸ್‌ಚೇಂಜೂ ಇರುವಲ್ಲಿ ಗಡಿ ಗುರುತಿಸಬೇಕು. ರಾಜ್ಯ ಸರ್ಕಾರ ಫೋನ್ ಸೇವೆಗೆಂದು ಕೊಟ್ಟ ಜಾಗವಾದರೆ ಮಾರಲು ರಾಜ್ಯದ ಒಪ್ಪಿಗೆ ಬೇಕು.

ಕಾನೂನಿನಲ್ಲೂ ಇದೇ ಅರೆಬರೆ ಸ್ಥಿತಿ. 1885ರ ಕಾಯ್ದೆಯ ಜಾಗಕ್ಕೆ ತಂದ 2023ರ ದೂರಸಂಪರ್ಕ ಕಾಯ್ದೆ 2024ರ ಜೂನ್ 26ರಿಂದ ತುಂಡುತುಂಡಾಗಿ ಜಾರಿಯಾಗುತ್ತಿದೆ. ಪರವಾನಗಿಯ ಹೆಸರು ಅನುಮತಿ ಎಂದಾಗುತ್ತದೆ. ಸಂದೇಶ ಕದ್ದಾಲಿಸುವ, ಸೇವೆ ಸ್ಥಗಿತಗೊಳಿಸುವ ಅಧಿಕಾರ ಹಾಗೆಯೇ ಮುಂದುವರಿದಿದೆ.

ಮುಂದೇನು

ಬಿಎಸ್‌ಎನ್‌ಎಲ್‌ನ 4ಜಿ ಜಾಲದ ಕೇಂದ್ರಭಾಗ ಸಿ-ಡಾಟ್‌ನದು, ರೇಡಿಯೋ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಜೋಡಿಸಿದ್ದು ಟಿಸಿಎಸ್. ತಂತ್ರಜ್ಞಾನ ಕೈವಶವಾದದ್ದು ಸಣ್ಣ ಸಾಧನೆಯಲ್ಲ. ಆದರೆ ಖಾಸಗಿಯವರು 5ಜಿ ಹಬ್ಬಿಸಿದ ಮೇಲೆ 4ಜಿ ಬಂದಿದೆ. ಬಿಟ್ಟುಹೋದ ಗ್ರಾಹಕ ಸ್ವದೇಶಿ ಎಂಬ ಕಾರಣಕ್ಕೆ ಮರಳುವುದಿಲ್ಲ. ಟವರ್‌ಗೆ ಕರೆಂಟು, ಬ್ಯಾಟರಿ, ಫೈಬರ್ ನಿರ್ವಹಣೆ ಸರಿಯಿದ್ದರೆ ಮಾತ್ರ ಮರಳುತ್ತಾನೆ, ಆ ಕೆಲಸಕ್ಕೆ ಈಗ ಜನ ಕಡಿಮೆ.

ಸರ್ಕಾರವನ್ನು ಫೋನ್ ವ್ಯಾಪಾರದಿಂದ ಬಿಡಿಸುವುದು 1999ರಿಂದ ಹೇಳುತ್ತ ಬಂದ ಉದ್ದೇಶ. 2025ರ ಏಪ್ರಿಲ್‌ನಲ್ಲಿ ಆದದ್ದು ಅದಕ್ಕೆ ತದ್ವಿರುದ್ಧ: ವೊಡಾಫೋನ್ ಐಡಿಯಾ ಕಟ್ಟಬೇಕಿದ್ದ 36,950 ಕೋಟಿ ರೂಪಾಯಿ ತರಂಗಗುಚ್ಛ ಬಾಕಿಯನ್ನು ಷೇರಾಗಿ ಪರಿವರ್ತಿಸಿದ್ದರಿಂದ ಆ ಕಂಪನಿಯಲ್ಲಿ ಸರ್ಕಾರದ ಪಾಲು ಶೇ 22.6ರಿಂದ ಸುಮಾರು ಶೇ 49ಕ್ಕೆ ಏರಿತು. ಬಿಎಸ್‌ಎನ್‌ಎಲ್, ಎಂಟಿಎನ್‌ಎಲ್, ಈಗ ಇದು. ಎಜಿಆರ್ ಬಾಕಿಯಲ್ಲಿ ಯಾರಿಗೆ ಎಷ್ಟು ರಿಯಾಯಿತಿ ಎಂದು ದೂರಸಂಪರ್ಕ ಇಲಾಖೆ ನಿರ್ಧರಿಸುವಾಗ ಜಿಯೋ ಮತ್ತು ಏರ್‌ಟೆಲ್ ಕೇಳಬಹುದಾದ ಪ್ರಶ್ನೆ 1995ರಲ್ಲಿ ಖಾಸಗಿ ಕಂಪನಿಗಳು ಕೇಳಿದ್ದೇ: ಬಾಕಿ ವಸೂಲಿ ಮಾಡುವವನೇ ಬಾಕಿದಾರನ ದೊಡ್ಡ ಷೇರುದಾರನಾದರೆ, ಲೆಕ್ಕ ನೋಡುವವರು ಯಾರು?